ವಿದ್ಯುತ್ ಮಂಡಲವನ್ನು ಮಕ್ಕಳೇ ಕಟ್ಟಲಿ

(ವಿಜ್ಞಾನ ಸ್ಪರ್ಧೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಹಾಗೂ ಪೋಷಕರಿಗಾಗಿ ಸೋಲೂರಿನಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ಪರ್ಧೆಯ ವಿಷಯ ವಿದ್ಯುತ್ ಮಂಡಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ವಿಭಾಗದಲ್ಲಿ ಪದವಿ ಪಡೆದ ಪತ್ರಕರ್ತನೊಬ್ಬನಿಗೆ ಇಲ್ಲಿ ಏನು ಕೆಲಸವೆಂದು ಕೆಲವರಿಗಾದರೂ ಅನಿಸಿರಬಹುದು. ಭೌತಶಾಸ್ತ್ರದ ಪಾಠ ಮಾಡಲು ನುರಿತ ಶಿಕ್ಷಕರು ಇಲ್ಲಿದ್ದಾರೆ. ನಾನು ಹೇಳಬೇಕೆಂದಿರುವುದು ಕಲಿಕೆಯ ಬಗ್ಗೆ ಮತ್ತು ಆ ಕಲಿಕೆಗೆ ಹಿರಿಯರಾದ ನಾವೇ ಒಡ್ಡುತ್ತಿರುವ ಅಡ್ಡಿಯ ಬಗ್ಗೆ.

ಸ್ಪರ್ಧೆಯ ದಿನ ಸಮೀಪಿಸಿದಂತೆ ನಮ್ಮ ಪಟ್ಟಣಗಳಲ್ಲಿ ಏನು ನಡೆಯುತ್ತದೆ? ತಂದೆ ಅಂಗಡಿಗೆ ಹೋಗಿ ಸಿದ್ಧ ಮಾದರಿಯೊಂದನ್ನು ಕೊಂಡು ತರುತ್ತಾರೆ. ಇಲ್ಲವೇ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಡಿಸುತ್ತಾರೆ. ಮಗು ಅದರ ವಿವರಣೆಯನ್ನು ಕಂಠಪಾಠ ಮಾಡುತ್ತದೆ. ತೀರ್ಪುಗಾರರು ಒಂದು ತಂತಿಯನ್ನು ಬಿಡಿಸಿ, "ಈಗ ಯಾವ ದೀಪ ಆರುತ್ತದೆ, ಏಕೆ?" ಎಂದು ಕೇಳಿದೊಡನೆ ಆ ಮಗು ತಂದೆಯ ಮುಖ ನೋಡುತ್ತದೆ. ಅಲ್ಲಿ ಸೋತದ್ದು ಯಾರು? ತನ್ನದಲ್ಲದ್ದನ್ನು ತನ್ನದೆಂದು ತೋರಿಸುವ ಪಾಠವನ್ನು ನಾವು ಹಣ ಕೊಟ್ಟು ಕಲಿಸಿದಂತಾಗಲಿಲ್ಲವೇ? ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ನೀಡುತ್ತಾರೆ. ಆದರೆ ಅಲ್ಲಿಯೂ ಮೊದಲು ಕೇಳುವುದು ಮಗುವಿನ ಸ್ವಂತ ಆಲೋಚನೆಯನ್ನೇ.

ಸ್ವಂತ ಪ್ರಯೋಗಕ್ಕೆ ಬೇಕಾದುದು ಅತ್ಯಲ್ಪ. ಎರಡು ಟಾರ್ಚ್ ಸೆಲ್, ಸ್ವಲ್ಪ ತಂತಿ, ಎರಡು ಪುಟ್ಟ ಬಲ್ಬುಗಳು, ಒಂದು ಸ್ವಿಚ್. ಮೊದಲು ಎರಡೂ ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ. ಬೆಳಕು ಮಂದವಾಗಿರುತ್ತದೆ; ಒಂದನ್ನು ತೆಗೆದರೆ ಇನ್ನೊಂದೂ ಆರುತ್ತದೆ. ಬಳಿಕ ಅವುಗಳನ್ನೇ ಸಮಾಂತರವಾಗಿ ಜೋಡಿಸಿ. ಎರಡೂ ಪ್ರಕಾಶಮಾನವಾಗಿ ಉರಿಯುತ್ತವೆ. ಒಂದನ್ನು ತೆಗೆದರೂ ಇನ್ನೊಂದು ಉಳಿಯುತ್ತದೆ. ಮದುವೆ ಮನೆಗೆ ಕಟ್ಟುವ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಕೆಟ್ಟರೆ ಸಾಲಿಗೆ ಸಾಲೇ ಆರುವುದೇಕೆ, ಅಡುಗೆ ಮನೆಯ ದೀಪ ಕೆಟ್ಟರೂ ಪಡಸಾಲೆಯ ದೀಪ ಉರಿಯುವುದೇಕೆ ಎಂಬುದಕ್ಕೆ ಉತ್ತರ ಈ ಎರಡು ಜೋಡಣೆಗಳಲ್ಲಿದೆ.

ಮುಂದಿನ ಮೆಟ್ಟಿಲು ಎಲ್‌ಇಡಿ. ಒಂದೂವರೆ ವೋಲ್ಟ್‌ನ ಒಂದೇ ಸೆಲ್‌ನಿಂದ ಕೆಂಪು ಎಲ್‌ಇಡಿ ಹೊತ್ತುವುದಿಲ್ಲ. ಅದಕ್ಕೆ ಸುಮಾರು 2 ವೋಲ್ಟ್ ಬೇಕು. ಎರಡು ಸೆಲ್ ಸೇರಿದರೆ 3 ವೋಲ್ಟ್. ಉಳಿದ 1 ವೋಲ್ಟ್‌ಗೆ 100 ಓಮ್‌ನ ರೋಧಕವೊಂದನ್ನು ಸೇರಿಸಿದರೆ ಹರಿಯುವ ವಿದ್ಯುತ್ತು ಸುಮಾರು 10 ಮಿಲಿ ಆಂಪಿಯರ್. ಈ ಲೆಕ್ಕವನ್ನು ಸ್ವತಃ ಮಾಡಿದ ವಿದ್ಯಾರ್ಥಿನಿಗೆ ತೀರ್ಪುಗಾರರ ಯಾವ ಪ್ರಶ್ನೆಯೂ ಭಯ ಹುಟ್ಟಿಸದು.

ಈ ಲೆಕ್ಕದ ಹಿಂದಿರುವ ನಿಯಮವನ್ನು ಕಂಡುಕೊಟ್ಟವರು ಜರ್ಮನಿಯ ಜಾರ್ಜ್ ಓಮ್. ಅವರು ಬೀಗ ತಯಾರಿಸುವ ಕುಶಲಕರ್ಮಿಯೊಬ್ಬರ ಮಗ, ವೃತ್ತಿಯಿಂದ ಶಾಲಾ ಶಿಕ್ಷಕ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ತು ಹರಿಸಿ ತಾಳ್ಮೆಯಿಂದ ಅಳೆದರು. 1827ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನು ಅಂದಿನ ವಿದ್ವಾಂಸರು ಆದರಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ನೀಡಿದ್ದು 1841ರಲ್ಲಿ. ಹದಿನಾಲ್ಕು ವರ್ಷಗಳ ಕಾಲ ಬಹುಮಾನಕ್ಕಾಗಿ ಕಾಯಲು ನಮ್ಮಲ್ಲಿ ಎಷ್ಟು ಮಂದಿಗೆ ಸಹನೆಯಿದೆ? ಅವರ ಪ್ರಯೋಗವನ್ನು ನೀವೂ ಮಾಡಬಹುದು. ಉದ್ದಕ್ಕೆ ಸೀಳಿದ ಪೆನ್ಸಿಲ್‌ನ ಸೀಸದ ಒಂದು ತುದಿಗೆ ತಂತಿ ಕಟ್ಟಿ, ಇನ್ನೊಂದು ತಂತಿಯನ್ನು ಅದರ ಮೇಲೆ ಸರಿಸುತ್ತಾ ಹೋಗಿ. ನಡುವಿನ ಅಂತರ ಹೆಚ್ಚಿದಂತೆ ಬಲ್ಬಿನ ಬೆಳಕು ಕುಂದುತ್ತದೆ. ಅಂತರವನ್ನೂ ಮೀಟರ್ ತೋರಿದ ಅಂಕಿಯನ್ನೂ ಪುಸ್ತಕದಲ್ಲಿ ಬರೆದಿಡಿ. ವಿಫಲವಾದುದನ್ನೂ ಬರೆಯಿರಿ. ಸ್ಪರ್ಧೆಯ ಮೇಜಿನ ಮೇಲೆ ಬಣ್ಣದ ಥರ್ಮೋಕೋಲ್‌ಗಿಂತ ಆ ಪುಸ್ತಕಕ್ಕೆ ಹೆಚ್ಚು ತೂಕವಿದೆ.

ಮದ್ರಸಗಳಲ್ಲಿ 'ತಕ್ರಾರ್' ಎಂಬ ಪದ್ಧತಿಯಿದೆ. ಉಸ್ತಾದರು ಪಾಠ ಮುಗಿಸಿದ ಬಳಿಕ ವಿದ್ಯಾರ್ಥಿಗಳು ಗುಂಪಾಗಿ ಕುಳಿತುಕೊಳ್ಳುತ್ತಾರೆ. ಒಬ್ಬನು ಆ ಪಾಠವನ್ನು ಉಳಿದವರಿಗೆ ಮತ್ತೆ ವಿವರಿಸುತ್ತಾನೆ. ಅರಬಿಯಲ್ಲಿ ಆ ಪದಕ್ಕೆ ಪುನರಾವರ್ತನೆ ಎಂದರ್ಥ. ಕನ್ನಡದಲ್ಲಿ ಅದು 'ತಕರಾರು' ಆಗಿ ಆಕ್ಷೇಪ ಎಂಬ ಅರ್ಥ ಪಡೆದಿದೆ. ಸ್ಪರ್ಧೆಯ ಸಿದ್ಧತೆಗೆ ಎರಡೂ ಬೇಕು. ನಿಮ್ಮ ಮಂಡಲವನ್ನು ತಂಗಿಗೆ, ಅಜ್ಜಿಗೆ, ಗೆಳೆಯರಿಗೆ ವಿವರಿಸಿ. ಅವರು ತಕರಾರು ತೆಗೆಯಲಿ. ನಿಮಗೆ ಉತ್ತರ ಹೊಳೆಯದ ಸ್ಥಳವೇ ನೀವು ಇನ್ನೂ ಕಲಿಯಬೇಕಾದ ಸ್ಥಳ.

ಒಂದು ಎಚ್ಚರಿಕೆಯನ್ನು ಪೋಷಕರು ಗಂಭೀರವಾಗಿ ಪರಿಗಣಿಸಬೇಕು. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಅದು ಪ್ರಾಣ ತೆಗೆಯಬಲ್ಲದು. ಮಕ್ಕಳ ಪ್ರಯೋಗಗಳು ಟಾರ್ಚ್ ಸೆಲ್‌ಗಳಿಗೇ ಸೀಮಿತವಾಗಿರಲಿ. ಸೆಲ್‌ನ ಎರಡು ತುದಿಗಳನ್ನು ಬರಿ ತಂತಿಯಿಂದ ಕೂಡಿಸಬಾರದು. ಹಳೆಯ ಮೊಬೈಲ್ ಬ್ಯಾಟರಿಗಳನ್ನು ಬಿಚ್ಚಲೇಬಾರದು, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಇನ್ನು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಸ್ಪರ್ಧೆಗೆ ಶಾಲೆಗಳು ಯಾರನ್ನು ಕಳುಹಿಸುತ್ತವೆ? ಹೆಚ್ಚು ಅಂಕ ಪಡೆದವರನ್ನು. ಆದರೆ ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ, ಚನ್ನಪಟ್ಟಣದ ಬೊಂಬೆ ತಯಾರಿಸುವ ಲೇತ್‌ಗಳ ಬಳಿ ಬೆಳೆದ ಮಕ್ಕಳಿದ್ದಾರೆ. ಮೋಟಾರಿನ ಸದ್ದು ಕೇಳಿಯೇ ಅದರ ದೋಷ ಊಹಿಸಬಲ್ಲವರು ಅವರಲ್ಲಿದ್ದಾರೆ. ಅಂತಹವರನ್ನು ನಾವು 'ಓದಿನಲ್ಲಿ ಹಿಂದೆ' ಎಂದು ಕೊನೆಯ ಬೆಂಚಿಗೆ ತಳ್ಳುತ್ತೇವೆ. ಬಳಿಕ ಗ್ಯಾರೇಜಿಗೆ ಕಳುಹಿಸುತ್ತೇವೆ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಗೆ ಸೇರಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ವರದಿ ದಾಖಲಿಸಿತ್ತು. ಕೈಯಲ್ಲಿ ಕೌಶಲವಿರುವ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಇಂತಹ ಒಂದು ಸ್ಪರ್ಧೆ ನೆಪವಾಗಬಾರದೇಕೆ? ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಹೊಲಿಗೆ ಯಂತ್ರದ ಮೋಟಾರು ನಡೆಸುವ ಕೈಗೆ ಸ್ಕ್ರೂಡ್ರೈವರ್ ಹಿಡಿಯಲು ಬಾರದೆಂದು ತೀರ್ಮಾನಿಸಿದವರು ಯಾರು?

ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು, 1905ರಲ್ಲಿ ಬೆಂಗಳೂರನ್ನು ಬೆಳಗಿತು. ಇಂದು ತಂತಿ ಎಲ್ಲ ಮನೆಗೂ ಬಂದಿದೆ. ಅದರ ತಿಳಿವಳಿಕೆ ಬಂದಿದೆಯೇ? 60 ವಾಟ್‌ನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್. 9 ವಾಟ್‌ನ ಎಲ್‌ಇಡಿಗೆ 1.35 ಯೂನಿಟ್. ಸ್ವಂತ ಬೀದಿಯ ಹತ್ತು ಮನೆಗಳಲ್ಲಿ ಈ ಲೆಕ್ಕ ಮಾಡಿ ತೋರಿಸುವ ಮಗು ಸಮಾಜಕ್ಕೆ ಉಪಕಾರ ಮಾಡಿದಂತೆ.

ಶಿಕ್ಷಕರಲ್ಲಿ ನನ್ನ ವಿನಂತಿ: ಪ್ರಯೋಗಾಲಯದ ಬೀರುವಿಗೆ ಬೀಗವಿದ್ದರೆ ತೆರೆಯಿರಿ. ವಸ್ತುಗಳು ಹಾಳಾದರೆ ಆಗಲಿ, ಅವು ಇರುವುದೇ ಬಳಕೆಗೆ. ಪೋಷಕರೇ, ಈ ವಾರ ಅಂಗಡಿಯಿಂದ ಮಾದರಿಯ ಬದಲು ಸೆಲ್ ಮತ್ತು ತಂತಿ ತನ್ನಿ. ಬಳಿಕ ಮಕ್ಕಳ ಪಕ್ಕದಲ್ಲಿ ಕುಳಿತು, ಕೈಕಟ್ಟಿ ನೋಡಿ. ದೀಪ ಮೊದಲ ಸಲ ಹೊತ್ತದಿದ್ದರೆ ನೀವು ಸರಿಪಡಿಸಲು ಹೋಗಬೇಡಿ. ತಂತಿ ಎಲ್ಲಿ ಬಿಟ್ಟುಕೊಂಡಿದೆಯೆಂದು ಅವರೇ ಹುಡುಕಲಿ.