ಹಾಯಿ ದೋಣಿಯಲ್ಲಿ ಕೂರ್ಮಗಡದ ಪ್ರದಕ್ಷಿಣೆ

ಬಯಲುಸೀಮೆಯವರಾದ ನಮಗೆ ಸಮುದ್ರವೆಂಬುದು ದಡದಲ್ಲಿ ನಿಂತು ನೋಡತಕ್ಕ ವಸ್ತು. ಕೆರೆಯ ಏರಿಯ ಮೇಲೆ ನಿಂತು ನೀರು ನೋಡಿದ ಅಭ್ಯಾಸವನ್ನೇ ಅಲ್ಲಿಗೂ ಒಯ್ಯುತ್ತೇವೆ; ಕಾಲು ತೋಯಿಸಿಕೊಂಡು, ಸೂರ್ಯಾಸ್ತವನ್ನು ಹೊಗಳಿ, ಹಿಂದಿರುಗುತ್ತೇವೆ. ಕಳೆದ ಮಾಘ ಮಾಸದಲ್ಲಿ ನಾವು ಮೂವರು ಮಿತ್ರರು ಕಾರವಾರಕ್ಕೆ ಹೋಗಿದ್ದಾಗ ಒಂದು ದಿನದ ಮಟ್ಟಿಗೆ ಈ ಅಭ್ಯಾಸವನ್ನು ಮುರಿದೆವು. ಆ ದಿನದ ಸಂಗತಿಯನ್ನು ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಕಾಳೀ ನದಿಯು ಕಾರವಾರದ ಬಳಿಯಲ್ಲಿ ಕಡಲನ್ನು ಸೇರುವುದು. ಉತ್ತರದ ದಡದಲ್ಲಿ ಸದಾಶಿವಗಡದ ಗುಡ್ಡ; ಅದರಾಚೆ ದೇವಬಾಗದ ಮರಳು; ಅಲ್ಲಿಂದ ಪಡುವಣಕ್ಕೆ, ನೀರಿನಿಂದ ಬೆನ್ನನ್ನಷ್ಟೇ ಎತ್ತಿದ ಆಮೆಯಂತೆ ಒಂದು ನಡುಗಡ್ಡೆ. ಅದೇ ಕೂರ್ಮಗಡ. ಮೇಲೆ ನರಸಿಂಹ ದೇವರ ಗುಡಿಯುಂಟು. ಪುಷ್ಯದ ಹುಣ್ಣಿಮೆಗೆ ಜಾತ್ರೆ. ೨೦೧೯ರ ಜನವರಿಯಲ್ಲಿ ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ೧೬ ಮಂದಿ ನೀರುಪಾಲಾದರು. ನಮ್ಮ ಅಂಬಿಗನು ತೇಲುಕವಚಗಳನ್ನು ತೊಡಿಸದೆ ನಮ್ಮನ್ನು ದೋಣಿಗೆ ಹತ್ತಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಕೇಳಬೇಕಾಗಿಲ್ಲ.

ಅಂಬಿಗನನ್ನು ಹುಡುಕುವುದೇ ಅರ್ಧ ದಿನದ ಕೆಲಸವಾಗಿತ್ತು. ಯಂತ್ರದ ದೋಣಿಗಳು ಬೇಕಾದಷ್ಟು, ಹಾಯಿಯುಳ್ಳದ್ದು ದುರ್ಲಭ. "ಡಾಲ್ಫಿನ್ನು ಕಂಡೇ ಕಾಣುವುದೇ?" ಎಂದು ನಾವು ವಿಚಾರಿಸಿದುದಕ್ಕೆ ಆ ಮುದುಕನು ಉತ್ತರ ಕೊಡದೆ, "ನಿಮಗೆ ಹೊತ್ತು ಇದೆಯೇ?" ಎಂದು ಮಾತ್ರ ಕೇಳಿದನು.

ಆ ಪ್ರಶ್ನೆಯ ಅರ್ಥವು ಮರುದಿನ ತಿಳಿಯಿತು. ಚಳಿಗಾಲದ ರಾತ್ರಿಗಳಲ್ಲಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನ ಗಾಳಿಯು ದಡದಿಂದ ಕಡಲಿಗೆ ಬೀಸುವುದು. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬರುವುದು. ಬೆಳಗಿನ ಗಾಳಿ ಒಯ್ಯಬೇಕು, ಮಧ್ಯಾಹ್ನದ ಗಾಳಿ ತರಬೇಕು. ನಡುವಿನ ಹೊತ್ತು ಯಾರ ಕೈಯಲ್ಲೂ ಇಲ್ಲ.

ನಸುಕಿನಲ್ಲಿ ಕೋಡಿಬಾಗದಿಂದ ಹೊರಟೆವು. ಅಳಿವೆಯಲ್ಲಿ ಕಡಲಕ್ಕಿಗಳ ಹಿಂಡು. ದೂರದ ಉತ್ತರ ದೇಶಗಳಿಂದ ಚಳಿಗಾಲ ಕಳೆಯಲು ಬಂದವು. ನಡುಗಡ್ಡೆಯ ಉತ್ತರದ ಮೂಲೆಯಲ್ಲಿ ಎತ್ತರದ ಮರವೊಂದರ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಕುಳಿತಿತ್ತು. ದೋಣಿಯ ಪಕ್ಕದಲ್ಲಿಯೇ ಒಂದು ಕಡಲಹಾವು ತಲೆಯೆತ್ತಿ, ಹುಟ್ಟಿನ ಅಲಗಿನಂತೆ ಚಪ್ಪಟೆಯಾದ ಬಾಲವನ್ನು ಆಡಿಸಿ, ಕೆಳಕ್ಕಿಳಿಯಿತು. ನಮ್ಮ ಮಿತ್ರರೊಬ್ಬರು ಆಮೇಲೆ ಬಹಳ ಹೊತ್ತು ಕೈಯನ್ನು ನೀರಿಗೆ ಚಾಚಲಿಲ್ಲ.

ಪಶ್ಚಿಮದ ಮಗ್ಗುಲಿಗೆ ಬಂದೊಡನೆ ಗುಡ್ಡವು ಮೂಡಣ ಗಾಳಿಯನ್ನು ತಡೆದುಬಿಟ್ಟಿತು. ಹಾಯಿ ಸೋತು ಜೋತುಬಿತ್ತು. ತೆರೆಯ ಏರಿಳಿತವೊಂದನ್ನುಳಿದು ಚಲನೆಯೇ ಇಲ್ಲ. ಒಂದು ಗಂಟೆ ಕಳೆಯಿತು. ಹುಟ್ಟು ಹಾಕಬಾರದೇ ಎಂದು ನಾವು ಎರಡು ಸಲ ಸೂಚಿಸಿದೆವು. ಅಂಬಿಗನು ಕೇಳದವನಂತೆ ಎಲೆಯಡಿಕೆ ಹಾಕಿಕೊಂಡನು.

ಆಗ ಕೇಳಿಸಿತು. ಕಮ್ಮಾರನ ತಿದಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಆಗುವಂಥ ಸದ್ದು. ತಿರುಗಿ ನೋಡುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಡಗಡೆ ಇನ್ನೊಂದು, ಅದರ ಬೆನ್ನಿಗೇ ಚಿಕ್ಕದೊಂದು ಉಸಿರು. ಈ ಸಲ ಕಂಡೆವು: ಮೊದಲು ಉದ್ದನೆಯ ಮೂತಿ, ಆಮೇಲೆ ಸೀಸದ ಬಣ್ಣದ ಬೆನ್ನು, ಬೆನ್ನಿನ ನಡುವೆ ದಿಬ್ಬ, ದಿಬ್ಬದ ಮೇಲೆ ಪುಟ್ಟ ಈಜುರೆಕ್ಕೆ. ತಾಯಿಯ ಮಗ್ಗುಲಿಗೆ ಅಂಟಿಕೊಂಡು ಮರಿ. ಇದು ಗೂನುಬೆನ್ನಿನ ಡಾಲ್ಫಿನ್. ಪಂಡಿತರು ೨೦೧೪ರಲ್ಲಿ ಹಿಂದೂ ಮಹಾಸಾಗರದ ಈ ಪ್ರಾಣಿಯನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದರು. ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಆಳದ ಕಡಲು ಅದಕ್ಕೆ ಒಗ್ಗದು. ಅಳಿವೆಗಳ ಬಳಿಯ ತೆಳುನೀರೇ ಅದರ ಮನೆ. ಮನುಷ್ಯನ ಬಲೆಯೂ ಬಂದರೂ ದೋಣಿಯೂ ಅಲ್ಲಿಯೇ.

ನಾವು ಅಂದು ಕಂಡ ಹಾವಾಗಲಿ ಡಾಲ್ಫಿನ್ನಾಗಲಿ ಮೀನಲ್ಲ, ಗಾಳಿಯನ್ನು ಉಸಿರಾಡುವಂಥವು. ಉಸಿರಿಗಾಗಿ ಮೇಲೆ ಬರಲೇಬೇಕಾದುದರಿಂದಲೇ ನಮ್ಮ ಕಣ್ಣಿಗೆ ಬಿದ್ದವು. ಇದನ್ನು ಯೋಚಿಸುತ್ತಿರುವಾಗಲೇ ದಕ್ಷಿಣದಿಂದ ಪ್ರವಾಸಿಗಳ ಯಂತ್ರದೋಣಿಯೊಂದು ಭರದಿಂದ ಬಂದಿತು. ಡಾಲ್ಫಿನ್ನು ಮುಳುಗಿದ ಕಡೆಗೆ ನುಗ್ಗಿತು. ಅದು ಬೇರೆ ಕಡೆ ಎದ್ದರೆ ಅಲ್ಲಿಗೆ ತಿರುಗಿತು. ಅದುವರೆಗೆ ಒಂದೆರಡು ನಿಮಿಷಕ್ಕೊಮ್ಮೆ ಏಳುತ್ತಿದ್ದವು ಈಗ ನಾಲ್ಕು ನಿಮಿಷವಾದರೂ ಏಳಲಿಲ್ಲ. ಕೈಗಡಿಯಾರ ನೋಡುತ್ತ ನಾವೇ ಉಸಿರು ಬಿಗಿಹಿಡಿದಿದ್ದೆವು. ಕೊನೆಗೆ ದೂರದಲ್ಲಿ ದೊಡ್ಡದೊಂದು ಬೆನ್ನು ಕಂಡಿತು. ಚಿಕ್ಕದು ಕಾಣಲಿಲ್ಲ.

ಇಂಥ ಪ್ರಾಣಿಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟಲ್ಲವೇ ಎಂದು ನಾವು ಸ್ವಲ್ಪ ಆವೇಶದಿಂದಲೇ ಮಾತನಾಡಿದೆವು. ಅಂಬಿಗನು ಬಾಯಲ್ಲಿದ್ದುದನ್ನು ಉಗಿದು ಹೇಳಿದನು: "ಆ ದೋಣಿ ನಡೆಸುವವನು ನನ್ನ ಮಗ. ತೋರಿಸದಿದ್ದರೆ ಜನ ಬಾಡಿಗೆ ಕೊಡಲಿಕ್ಕೆ ತಕರಾರು ಮಾಡುತ್ತಾರೆ." ಹಿಂದಿನ ದಿನ ನಾವು ಕೇಳಿದ್ದ ಪ್ರಶ್ನೆ ನೆನಪಾಗಿ ಸುಮ್ಮನಾದೆವು. ಸ್ವಲ್ಪ ತಡೆದು ಅವನೇ ಮುಂದುವರಿಸಿದನು. ಕೆಲವು ವರ್ಷಗಳ ಹಿಂದೆ ಅವನ ಬಲೆಯಲ್ಲಿಯೇ ಒಂದು ಮರಿ ಸಿಕ್ಕಿ ಸತ್ತಿತ್ತಂತೆ. ನೈಲಾನು ದಾರ, ಹರಿಯಲಾಗದೆ, ಮೇಲೆ ಬರಲಾಗದೆ, ಉಸಿರುಕಟ್ಟಿ. ಬೆಳಗ್ಗೆ ಬಲೆ ಎಳೆಯುವಾಗ ತಾಯಿ ಅಲ್ಲಿಯೇ ಸುತ್ತುತ್ತಿತ್ತು. ಆ ಬಲೆಯ ಸಾಲ ಇನ್ನೂ ತೀರಿರಲಿಲ್ಲವಾದುದರಿಂದ ಮಾರನೆಯ ದಿನವೂ ಅದನ್ನೇ ಬಿಟ್ಟನಂತೆ. ಇದನ್ನು ಅವನು ಪಶ್ಚಾತ್ತಾಪವೆಂದು ಹೇಳಿದನೋ ಲೆಕ್ಕವೆಂದು ಹೇಳಿದನೋ ನಮಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಹಾಯಿ ತುಂಬಿತು, ದಕ್ಷಿಣದ ಬಂಡೆಗಳನ್ನು ಬಳಸಿ ಪ್ರದಕ್ಷಿಣೆ ಮುಗಿಸಿದೆವು. ಅಳಿವೆಯ ಬಾಯಲ್ಲಿ ಅಂಬಿಗನು ಚುಕ್ಕಾಣಿಯನ್ನು ಒಮ್ಮೆಗೇ ತಿರುಗಿಸಿದನು. ದೋಣಿಯ ದಾರಿಯಲ್ಲಿ ಕಡಲಾಮೆಯೊಂದು ತಲೆಯಷ್ಟನ್ನೇ ಹೊರಗಿಟ್ಟು ತೇಲುತ್ತಿತ್ತು. ಈ ತಿಂಗಳುಗಳಲ್ಲಿ ಅವು ಮೊಟ್ಟೆಯಿಡಲು ರಾತ್ರಿ ಮರಳಿಗೆ ಬರುವುವು. ಅದು ಉಸಿರೆಳೆದುಕೊಂಡು ಮುಳುಗುವವರೆಗೆ ಹಾಯಿಯನ್ನು ಸಡಿಲಬಿಟ್ಟು ಕಾದೆವು. ಕೋಡಿಬಾಗದ ದಡದಲ್ಲಿ ಮಗನ ದೋಣಿ ಆಗಲೇ ಬಂದು ನಿಂತಿತ್ತು. ಮುದುಕನು ಅವನನ್ನು ಕರೆದು, ಹಾಯಿ ಮಡಚಲು ಒಂದು ತುದಿ ಹಿಡಿಯೆಂದನು.