ಸ್ವೀಡನ್ನಿನ ಮೂರು ಚೀಟಿಗಳು

ಪರಿಸರದ ವಿಚಾರದಲ್ಲಿ ಜನರ ಮನಸ್ಸು ಅಳೆಯಲು ಹೊರಟವರು ಮೊದಲು ಸ್ವೀಡನ್ನಿನ ಕಥೆ ಕೇಳಬೇಕು.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ಅದರ ಬೆನ್ನಿಗೇ ಸ್ವೀಡನ್ನಿನ ಪಕ್ಷಗಳು ಅಣುವಿದ್ಯುತ್ತಿನ ತಂಟೆಯನ್ನು ಮತದಾರರ ತಲೆಗೇ ಕಟ್ಟಿದವು. 1980ರ ಮಾರ್ಚ್ 23ರಂದು ಜನಮತಗಣನೆ. ಮತಗಟ್ಟೆಯಲ್ಲಿ ಮೂರು ಬಗೆಯ ಚೀಟಿ. ಮೊದಲೆರಡರ ಮುಂಬದಿಯಲ್ಲಿ ಒಂದೇ ಬರಹ: ಹನ್ನೆರಡಕ್ಕಿಂತ ಹೆಚ್ಚು ರಿಯಾಕ್ಟರ್ ಬೇಡ, ಸಾಧ್ಯವಾದಂತೆ ನಿಲ್ಲಿಸುತ್ತ ಹೋಗೋಣ. ಎರಡನೆಯದನ್ನು ಮಗುಚಿದರೆ ಹಿಂಬದಿಯಲ್ಲಿ ಇನ್ನಷ್ಟು: ಸ್ಥಾವರಗಳು ಸಾರ್ವಜನಿಕ ಒಡೆತನದಲ್ಲಿರಲಿ, ಇತ್ಯಾದಿ. ಬಲಪಂಥದ ಮಾಡರೇಟ್ ಪಕ್ಷಕ್ಕೆ ಆ ಹಿಂಬದಿ ಹಿಡಿಸಲಿಲ್ಲ. ಅದಕ್ಕೇ ಅವರದು ಬೇರೆ ಚೀಟಿ, ಮೊದಲನೆಯದು. ಮೂರನೆಯದು, ಹತ್ತು ವರ್ಷದೊಳಗೆ ಎಲ್ಲ ಮುಚ್ಚಿ ಎಂದಿತು. ಅಣುವಿದ್ಯುತ್ ಎಂದೆಂದಿಗೂ ಬೇಕು ಎನ್ನುವವರಿಗೆ ಚೀಟಿಯೇ ಇರಲಿಲ್ಲ!

ಫಲಿತಾಂಶ ಕ್ರಮವಾಗಿ ಶೇ. 18.9, 39.1, 38.7. ಮೊದಲೆರಡನ್ನು ಕೂಡಿಸಿದರೆ ಜನ ಹನ್ನೆರಡು ರಿಯಾಕ್ಟರಿಗೆ ಒಪ್ಪಿದರು; ಮೂರನ್ನೂ ಕೂಡಿಸಿದರೆ ಜನ ಅಣುವಿದ್ಯುತ್ತಿಗೆ ವಿದಾಯ ಹೇಳಿದರು. ಸಂಸತ್ತು 2010ರೊಳಗೆ ಎಲ್ಲವನ್ನೂ ನಿಲ್ಲಿಸುವುದೆಂದು ಗಡುವು ಹಾಕಿತು. ಅದೇ 2010ರ ಜೂನ್‌ನಲ್ಲಿ, 174ಕ್ಕೆ 172 ಮತಗಳಿಂದ, ಹಳೆಯದರ ಜಾಗದಲ್ಲಿ ಹೊಸ ರಿಯಾಕ್ಟರ್ ಕಟ್ಟಲು ಅನುಮತಿ ಕೊಟ್ಟಿತು.

ಚುನಾವಣೆಗಳದ್ದು ಇನ್ನೊಂದು ಪಾಡು. 1988ರ ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಯಲ್ಲಿ ಸೀಲ್‌ಗಳು ಸಾಲುಸಾಲಾಗಿ ಸತ್ತವು, ಕಡಲಲ್ಲಿ ಪಾಚಿ ಹಬ್ಬಿತು. ಸೆಪ್ಟೆಂಬರಿನಲ್ಲಿ ಗ್ರೀನ್ ಪಕ್ಷ ಶೇ. 5.5 ಮತ ಪಡೆದು ಮೊದಲ ಬಾರಿ ಸಂಸತ್ತು ಹೊಕ್ಕಿತು. 1991ರಲ್ಲಿ ಆರ್ಥಿಕ ಮುಗ್ಗಟ್ಟು, ಪಕ್ಷ ಶೇ. 3.4ಕ್ಕೆ ಕುಸಿದು, ಶೇ. 4ರ ಗೆರೆ ದಾಟಲಾಗದೆ ಹೊರಬಿತ್ತು. ಕಡಲಿನ ಮೇಲಿನ ಕಾಳಜಿ ಮೂರೇ ವರ್ಷದಲ್ಲಿ ಆವಿಯಾಯಿತೆಂದು ನಾನು ನಂಬುವುದಿಲ್ಲ. ಪರಿಸರ ಮುಖ್ಯವೇ ಎಂದರೆ ಹೌದೆನ್ನುವವರೇ, ಎಲ್ಲಕ್ಕಿಂತ ಮುಖ್ಯವೇ ಎಂದರೆ ಕೆಲಸ, ಸಂಬಳ ಎನ್ನುತ್ತಾರೆ. 2018ರಲ್ಲಿ ಬಾಲಕಿ ಗ್ರೆಟಾ ಥುನ್‌ಬರ್ಗ್ ಹವಾಮಾನಕ್ಕಾಗಿ ಶಾಲೆ ಬಿಟ್ಟು ಸಂಸತ್ತಿನೆದುರು ಕೂತು ಮೂರು ವಾರಕ್ಕೆ ಚುನಾವಣೆ ನಡೆಯಿತು. ಆಡಳಿತದಲ್ಲಿ ಪಾಲುದಾರರಾಗಿದ್ದ ಗ್ರೀನ್‌ಗಳ ಮತ ಶೇ. 6.9ರಿಂದ 4.4ಕ್ಕೆ ಇಳಿಯಿತು.

ನಮ್ಮಲ್ಲೂ ಉತ್ತರ ಕನ್ನಡದ ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಅಲ್ಲಿಂದಲೇ ಲೋಕಸಭೆಗೆ ನಿಂತು ಸೋತರಲ್ಲ. ಅದರಿಂದ ಉತ್ತರ ಕನ್ನಡದವರಿಗೆ ಕಾಡು ಬೇಡವಾಗಿತ್ತು ಎಂದರೆ ಅನ್ಯಾಯವಾದೀತು.

ಹಾಗಾಗಿ, ಕೇಳುಗರೇ, ಮುಂದಿನ ಸಲ ವಾರ್ತೆಯಲ್ಲಿ ಶೇಕಡಾವಾರು ಲೆಕ್ಕ ಕೇಳಿದಾಗ, ಜನರ ಮುಂದಿಟ್ಟ ಪ್ರಶ್ನೆ ಯಾವುದು, ಯಾವ ಉತ್ತರಕ್ಕೆ ಜಾಗವೇ ಇರಲಿಲ್ಲ ಎಂದು ಮೊದಲು ವಿಚಾರಿಸಿ.