ಆರೋಪಪಟ್ಟಿಯಿಂದ ಹೊರಗುಳಿದ ಹೆಸರು

(ಕಾನೂನು ತಿಳುವಳಿಕೆ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪೊಲೀಸರು ಆರೋಪಪಟ್ಟಿ ಸಲ್ಲಿಸಿದ ದಿನವೇ ಎಷ್ಟೋ ಕುಟುಂಬಗಳು ನ್ಯಾಯದ ಆಸೆಯನ್ನು ಕೈಬಿಡುತ್ತವೆ. ದೂರಿನಲ್ಲಿ ಐವರ ಹೆಸರಿತ್ತು, ಆರೋಪಪಟ್ಟಿಯಲ್ಲಿ ಇಬ್ಬರಷ್ಟೇ ಇದ್ದಾರೆ. ಬಿಟ್ಟುಹೋದ ಮೂವರಲ್ಲಿ ಒಬ್ಬ ಹಣವಂತ, ಇನ್ನೊಬ್ಬ ರಾಜಕೀಯ ಬಲವುಳ್ಳವ. 'ಮುಖ್ಯನಾದವನೇ ಪಾರಾದ ಮೇಲೆ ಕೋರ್ಟಿಗೆ ಅಲೆದು ಫಲವೇನು' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಸಾಕ್ಷಿಗಳ ಉತ್ಸಾಹವೂ ಅಲ್ಲಿಗೆ ಇಂಗಿಹೋಗುತ್ತದೆ. ಆದರೆ ಈ ನಿರಾಶೆ ಅವಸರದ್ದು. ಕಟಕಟೆಯಲ್ಲಿ ಯಾರು ನಿಲ್ಲಬೇಕೆಂಬ ವಿಷಯದಲ್ಲಿ ಕೊನೆಯ ಮಾತು ಪೊಲೀಸರದ್ದಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 319ನೆಯ ಕಲಮು ಈ ಮಾತನ್ನು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅಧಿಕಾರವು 358ನೆಯ ಕಲಮಾಗಿ ಉಳಿದಿದೆ. ವಿಚಾರಣೆಯ ವೇಳೆ ಬರುವ ಸಾಕ್ಷ್ಯದಿಂದ, ಆರೋಪಿಯಲ್ಲದ ಬೇರೊಬ್ಬ ವ್ಯಕ್ತಿಯೂ ಅಪರಾಧ ಎಸಗಿರುವುದಾಗಿ ಕಂಡುಬಂದರೆ, ಮತ್ತು ಅವನನ್ನು ಈಗಿನ ಆರೋಪಿಗಳ ಜೊತೆಯಲ್ಲೇ ವಿಚಾರಣೆಗೆ ಒಳಪಡಿಸಬಹುದಾಗಿದ್ದರೆ, ನ್ಯಾಯಾಲಯವು ಅವನ ಮೇಲೂ ಕ್ರಮ ಜರುಗಿಸಬಹುದು. ಬ್ರಿಟಿಷರ ಕಾಲದ 1898ರ ಸಂಹಿತೆಯಲ್ಲಿಯೂ ಇಂಥದೊಂದು ಕಲಮು ಇತ್ತು. ಆದರೆ ಆ ವ್ಯಕ್ತಿ ನ್ಯಾಯಾಲಯದಲ್ಲಿ ಹಾಜರಿದ್ದರೆ ಮಾತ್ರ ಅದು ಅನ್ವಯವಾಗುತ್ತಿತ್ತು. ಮನೆಯಲ್ಲಿ ಕುಳಿತವನು ಕ್ಷೇಮವಾಗಿದ್ದ! ಕಾನೂನು ಆಯೋಗವು ತನ್ನ 41ನೆಯ ವರದಿಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದ ಮೇಲೆ ಹೊರಗಿರುವವನನ್ನೂ ಕರೆಸುವ ಅಧಿಕಾರ ಬಂತು.

ಈ ಅಧಿಕಾರದ ಮೇರೆಗಳೇನು ಎಂಬ ಬಗ್ಗೆ ಬಹುಕಾಲ ಗೊಂದಲವಿತ್ತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಹರ್‌ದೀಪ್ ಸಿಂಗ್ ಪ್ರಕರಣದಲ್ಲಿ ಅದನ್ನು ಬಗೆಹರಿಸಿತು. ಎಫ್‌ಐಆರ್‌ನಲ್ಲಿ ಹೆಸರಿಲ್ಲದವನನ್ನೂ, ಹೆಸರಿದ್ದು ಆರೋಪಪಟ್ಟಿಯಿಂದ ಕೈಬಿಡಲ್ಪಟ್ಟವನನ್ನೂ ಕರೆಸಬಹುದು. ಅದಕ್ಕಾಗಿ ಸಾಕ್ಷಿಯ ಪಾಟೀ ಸವಾಲು ಮುಗಿಯುವ ತನಕ ಕಾಯಬೇಕಾಗಿಲ್ಲ, ಮುಖ್ಯ ವಿಚಾರಣೆಯ ಹೇಳಿಕೆಯ ಆಧಾರದಲ್ಲಿಯೇ ನ್ಯಾಯಾಧೀಶರು ತೀರ್ಮಾನಿಸಬಹುದು. ಅಪರಾಧಿ ಬಿಡುಗಡೆಯಾದಾಗ ದೋಷಿಯಾಗುವವನು ನ್ಯಾಯಾಧೀಶನೇ ಎಂಬ ಹಳೆಯ ಸೂತ್ರವೊಂದಿದೆ. ಈ ಕಲಮಿನ ತಳಹದಿ ಅದೇ ಎಂದು ಆ ತೀರ್ಪು ಹೇಳಿತು.

ಇಲ್ಲಿ 'ಸಾಕ್ಷ್ಯ' ಎಂಬ ಪದದ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಠಾಣೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆ ಈ ಅರ್ಥದಲ್ಲಿ ಸಾಕ್ಷ್ಯವಲ್ಲ. ಹೆಚ್ಚೆಂದರೆ ಅದು ನ್ಯಾಯಾಲಯದಲ್ಲಿ ಬಂದ ಮಾತಿಗೆ ಒತ್ತಾಸೆಯಾಗಬಲ್ಲದು. ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ನುಡಿದದ್ದೇ ಸಾಕ್ಷ್ಯ. ಅಂದರೆ ತನಿಖಾಧಿಕಾರಿ ಹೆಸರನ್ನು ಕೈಬಿಟ್ಟಿದ್ದರೂ ಒಬ್ಬ ತಾಯಿಯೋ ನೆರೆಯವನೋ ಸಾಕ್ಷಿಕಟ್ಟೆಯಲ್ಲಿ ನಿಂತು ಕಂಡದ್ದನ್ನು ಸ್ಪಷ್ಟವಾಗಿ ಹೇಳಿದರೆ ಮುಚ್ಚಿದ ಬಾಗಿಲು ತೆರೆಯಬಹುದು. 'ಆರೋಪಪಟ್ಟಿಯಲ್ಲಿಲ್ಲವಲ್ಲ, ಅವನ ಸುದ್ದಿ ನಮಗೇಕೆ' ಎಂದು ಸಾಕ್ಷಿ ಆ ಹೆಸರನ್ನು ನುಂಗಿಕೊಂಡರೆ? ಪೊಲೀಸರು ಬಿಟ್ಟದ್ದನ್ನು ನಾವೇ ಎರಡನೆಯ ಬಾರಿ ಬಿಟ್ಟಂತಾಯಿತು.

ಈ ಅಧಿಕಾರಕ್ಕೆ ಇನ್ನೊಂದು ಮುಖವಿದೆ. ನಮ್ಮ ಪಟ್ಟಣಗಳ ಕುಟುಂಬಗಳಿಗೆ ಹೆಚ್ಚು ಪರಿಚಯವಿರುವುದು ಪ್ರಾಯಶಃ ಆ ಮುಖವೇ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಮಗಳು ಗಂಡನ ಮನೆಯಲ್ಲಿ ಸತ್ತಿದ್ದಾಳೆ. ಹೆತ್ತವರ ಸಂಕಟಕ್ಕೆ ಎಣೆಯಿಲ್ಲ. ಪೊಲೀಸರು ಗಂಡನನ್ನೂ ಅತ್ತೆಯನ್ನೂ ಆರೋಪಿಗಳಾಗಿಸಿದ್ದಾರೆ. ವಿಚಾರಣೆಯ ವೇಳೆ ತಂದೆ, ಬೇರೆ ಊರಿನಲ್ಲಿ ಸಂಸಾರ ಹೂಡಿರುವ ನಾದಿನಿಯನ್ನೂ ಆಕೆಯ ಗಂಡನನ್ನೂ ಹೆಸರಿಸುತ್ತಾರೆ. ಅವರು ಏನು ಮಾಡಿದರು, ಯಾವಾಗ ಮಾಡಿದರು ಎಂದು ಕೇಳಿದರೆ 'ಎಲ್ಲರೂ ಸೇರಿ ಪೀಡಿಸುತ್ತಿದ್ದರು' ಎಂಬ ಉತ್ತರ ಬರುತ್ತದೆ. ನಾದಿನಿಯ ಪಾತ್ರ ನಿಜವಾಗಿಯೂ ಇದ್ದಿರಬಹುದು, ಇಲ್ಲದೆಯೂ ಇದ್ದಿರಬಹುದು. ಆ ಒಂದು ವಾಕ್ಯದಿಂದ ಅದು ತಿಳಿಯುವುದಿಲ್ಲ. ಗಂಡನ ಸಂಬಂಧಿಕರ ಮೇಲೆ ಇಂಥ ಸಾರಾಸಗಟು ಆರೋಪ ಹೊರಿಸಿದ್ದ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಎಫ್‌ಐಆರ್‌ನ ಆ ಭಾಗವನ್ನೇ ರದ್ದುಪಡಿಸಿತು. ಅದು ವಿಚಾರಣೆಗೆ ಮುಂಚಿನ ಹಂತದ ಮಾತಾದರೂ ವಿಚಾರಣೆಯ ನಡುವೆ ಹೆಸರು ಸೇರಿಸುವಾಗಲೂ ಎದುರಾಗುವ ಪ್ರಶ್ನೆ ಇದೇ.

ಈ ಕಾರಣಕ್ಕಾಗಿಯೇ 2014ರ ತೀರ್ಪು ಅಳತೆಗೋಲನ್ನು ಎತ್ತರದಲ್ಲಿಟ್ಟಿದೆ. ದೋಷಾರೋಪ ಹೊರಿಸುವಾಗ ಸಾಕಾಗುವ ಮೇಲ್ನೋಟದ ಪುರಾವೆ ಇಲ್ಲಿ ಸಾಲದು, ಅದಕ್ಕಿಂತ ಬಲವಾದದ್ದು ಬೇಕು. ಶಿಕ್ಷೆ ವಿಧಿಸಲು ಬೇಕಾಗುವಷ್ಟು ಖಚಿತತೆ ಮಾತ್ರ ಈ ಹಂತದಲ್ಲಿ ಅಗತ್ಯವಿಲ್ಲ. ಇದು ಅಸಾಧಾರಣ ಅಧಿಕಾರ, ಮಿತವಾಗಿ ಬಳಸತಕ್ಕದ್ದು ಎಂದು ಸುಪ್ರೀಂ ಕೋರ್ಟು 1983ರಷ್ಟು ಹಿಂದೆಯೇ ಹೇಳಿತ್ತು. ಹೊಸದಾಗಿ ಸೇರಿಸಲ್ಪಟ್ಟವನ ಮಟ್ಟಿಗೆ ನಡವಳಿಯು ಮೊದಲಿನಿಂದ ಆರಂಭವಾಗಬೇಕು, ಸಾಕ್ಷಿಗಳನ್ನು ಪುನಃ ಕೇಳಬೇಕು. ತನ್ನ ಬೆನ್ನ ಹಿಂದೆ ದಾಖಲಾದ ಮಾತಿನ ಮೇಲೆ ಯಾರಿಗೂ ಶಿಕ್ಷೆಯಾಗಬಾರದೆಂಬುದೇ ಇದರ ಉದ್ದೇಶ. ಆದರೆ ಇದರ ಬೆಲೆಯೂ ಇದೆ. ಒಮ್ಮೆ ಅತ್ತು ಸಾಕ್ಷಿ ಹೇಳಿದ ತಾಯಿ ಮತ್ತೊಮ್ಮೆ ಅದೇ ಕಟ್ಟೆ ಹತ್ತಬೇಕು. ಬಂಧನದಲ್ಲಿರುವ ಮೊದಲ ಆರೋಪಿಯ ವಿಚಾರಣೆಯೂ ಮುಂದಕ್ಕೆ ಹೋಗಬಹುದು. ಆಧಾರವಿಲ್ಲದ ಹೆಸರನ್ನು ಸೇರಿಸಿದರೆ ಬಲವಾದ ಪ್ರಕರಣವೇ ದುರ್ಬಲವಾಗುತ್ತದೆ. ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೊಂದಿಲ್ಲ.

ಕಾಲಮಿತಿಯ ವಿಷಯಕ್ಕೆ ಬರೋಣ. ಪಂಜಾಬಿನ ಒಂದು ಮಾದಕ ದ್ರವ್ಯ ಪ್ರಕರಣದಲ್ಲಿ 2017ರ ಅಕ್ಟೋಬರ್ 31ರಂದು ಆರೋಪಿಗಳಿಗೆ ಶಿಕ್ಷೆಯಾಯಿತು. ಅಂದೇ ಹೊರಗಿನ ಕೆಲವರನ್ನು ಆರೋಪಿಗಳಾಗಿ ಕರೆಸುವ ಆದೇಶವೂ ಹೊರಟಿತು. ಅವರಲ್ಲಿ ಆಗ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಸುಖ್‌ಪಾಲ್ ಸಿಂಗ್ ಖೈರಾ ಅವರೂ ಇದ್ದರು. ತೀರ್ಪು ಮುಗಿದ ಮೇಲೆ ಹೀಗೆ ಮಾಡಬಹುದೇ? 2022ರ ಡಿಸೆಂಬರ್ 5ರಂದು ಇನ್ನೊಂದು ಸಂವಿಧಾನ ಪೀಠ ಉತ್ತರ ಕೊಟ್ಟಿತು. ಆರೋಪಿಗಳು ದೋಷಿಗಳೆಂದು ಕಂಡಲ್ಲಿ ಶಿಕ್ಷೆಯ ಪ್ರಮಾಣ ಘೋಷಿಸುವ ಮುನ್ನ, ಬಿಡುಗಡೆಯಾಗುವಲ್ಲಿ ಬಿಡುಗಡೆಯ ಆದೇಶಕ್ಕೆ ಮುನ್ನ ಈ ಅಧಿಕಾರವನ್ನು ಬಳಸಿರಬೇಕು. ಖೈರಾ ಅವರ ಮೇಲಿನ ಆದೇಶ 2023ರಲ್ಲಿ ರದ್ದಾಯಿತು. ಹೆಸರು ಸೇರಿಸುವ ಪ್ರಶ್ನೆ ಎದ್ದಾಗ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಇತ್ಯರ್ಥಪಡಿಸಬೇಕೆಂದೂ, ಆಮೇಲೆ ವಿಚಾರಣೆ ಒಟ್ಟಿಗೆ ನಡೆಯಬೇಕೋ ಪ್ರತ್ಯೇಕವಾಗಿಯೋ ಎಂದು ನಿರ್ಧರಿಸಬೇಕೆಂದೂ ಅದೇ ಪೀಠ ಸೂಚಿಸಿದೆ.

ಆದ್ದರಿಂದ ತೀರ್ಪಿನ ದಿನದವರೆಗೆ ಕಾಯುವುದು ಸಲ್ಲದು. ನ್ಯಾಯಾಧೀಶರು ಸ್ವತಃ ಈ ಅಧಿಕಾರವನ್ನು ಬಳಸಬಲ್ಲರು. ಆದರೆ ನೂರಾರು ಪ್ರಕರಣಗಳ ನಡುವೆ ಅವರಿಗೆ ತಾನಾಗಿಯೇ ನೆನಪಾಗಲಿ ಎಂದು ಕುಳಿತುಕೊಳ್ಳಬೇಡಿ. ಸಾಕ್ಷಿಯ ಹೇಳಿಕೆ ದಾಖಲಾದ ವಾರದಲ್ಲಿಯೇ ಅದರ ದೃಢೀಕೃತ ಪ್ರತಿಯನ್ನು ಪಡೆಯಿರಿ. ಯಾವ ಸಾಕ್ಷಿ, ಯಾರ ಬಗ್ಗೆ, ಯಾವ ಕೃತ್ಯವನ್ನು ಹೇಳಿದ್ದಾನೆಂದು ಗುರುತು ಹಾಕಿ ಸರಕಾರಿ ಅಭಿಯೋಜಕರ ಮುಂದಿಡಿ. ಅವರು ಆಸಕ್ತಿ ತೋರದಿದ್ದರೆ ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ನೇಮಿಸಿಕೊಳ್ಳಲು ನ್ಯಾಯಾಲಯದ ಅನುಮತಿ ಕೇಳಬಹುದು. ಅರ್ಜಿ ತಿರಸ್ಕೃತವಾದರೆ ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿದೆ. ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು, ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.